ಸಾವಿರಾರು ಫೈಲುಗಳ ಹೆಸರು ಒಂದೇ ಸಲ ಬದಲಿಸುವುದು: ಶಾಲೆಯ ಹಳೇ ಫೋಟೋ, ಕ್ಯಾಸೆಟ್, ಸ್ಕ್ಯಾನ್

ಪೆರ್ಲದ ಟೀಚರ್

ಎಲ್ಲರಿಗೂ ನಮಸ್ಕಾರ. ನಮ್ಮದು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದ ಕನ್ನಡ ಮಾಧ್ಯಮ ಶಾಲೆ. ಹಳೇ ವಿದ್ಯಾರ್ಥಿಗಳಿಂದ ಫೋಟೋ, ಕೈಬರಹ ಪತ್ರಿಕೆಯ ಪುಟಗಳು, ಕ್ಯಾಸೆಟ್ಟಿನಿಂದ ಇಳಿಸಿದ ತಾಳಮದ್ದಳೆ, ಎಲ್ಲ ಒಟ್ಟು ಮಾಡುತ್ತಿದ್ದೇವೆ. ಈಗ ಮೂರು ಸಾವಿರದಷ್ಟು ಫೈಲುಗಳಾಗಿವೆ. ಹೆಸರುಗಳು ಮಾತ್ರ ಒಂದಕ್ಕೊಂದು ಸಂಬಂಧ ಇಲ್ಲ. ಕ್ಯಾಮೆರಾದವು ಐಎಂಜಿ_0045 ಅಂತ. ವಾಟ್ಸಾಪ್‌ನಿಂದ ಬಂದವಕ್ಕೆ ಒಂದು ಗೇಣು ಉದ್ದದ ಹೆಸರು, ನಡುವೆ ತುಂಬ ಖಾಲಿ ಜಾಗ. ಸ್ಕ್ಯಾನರಿನವು ಸ್ಕ್ಯಾನ್1, ಸ್ಕ್ಯಾನ್10, ಸ್ಕ್ಯಾನ್2 ಅಂತ ಸಾಲು ತಪ್ಪಿ ನಿಲ್ಲುತ್ತವೆ. ಕೆಲವರು "ತಾಳಮದ್ದಳೆ ಭಾಗ ೧೨" ಅಂತ ಕನ್ನಡ ಅಂಕಿಯಲ್ಲಿ ಬರೆದಿದ್ದಾರೆ.

ಶಾಲೆಯ ಕಂಪ್ಯೂಟರಿನಲ್ಲಿ ಕೈಟ್‌ನವರು (ಕೇರಳದ ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಸರಕಾರಿ ಸಂಸ್ಥೆ) ಕೊಟ್ಟ ಉಬುಂಟು, ಅಂದರೆ ಒಂದು ಬಗೆಯ ಲಿನಕ್ಸ್, ಉಂಟು. ಶಾಲೆಯ ಐಟಿ ಕ್ಲಬ್ಬಾದ ಲಿಟಲ್ ಕೈಟ್ಸ್‌ನ ಮಕ್ಕಳು ಸಹಾಯಕ್ಕೆ ಸಿದ್ಧ. ಒಂದೊಂದೇ ಫೈಲಿಗೆ ಹೆಸರು ಬದಲಿಸುತ್ತಾ ಕೂತರೆ ಪರೀಕ್ಷೆ ಬಂದರೂ ಮುಗಿಯದು. ಟರ್ಮಿನಲ್‌ನಲ್ಲಿ (ಕಮಾಂಡು ಟೈಪ್ ಮಾಡುವ ಕಿಟಕಿ) ಮಾಡಬಹುದು ಅಂತ ಕೇಳಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಕುಂಬಳೆಯಿಂದ

ಟೀಚರ್, ಒಳ್ಳೆ ಕೆಲಸ ಹಿಡಿದಿದ್ದೀರಿ. ಇಂಥ ಸಂಗ್ರಹದಲ್ಲಿ ಫೈಲಿನ ಹೆಸರೇ ಅರ್ಧ ಮಾಹಿತಿ. ಆದ್ದರಿಂದ ನಿಧಾನವಾಗಿ ಮಾಡೋಣ.

ಮೊದಲು ಇಡೀ ಫೋಲ್ಡರಿನ ಒಂದು ನಕಲು ಬೇರೆ ಡಿಸ್ಕಿನಲ್ಲಿ ಇಡಿ. ಅದನ್ನು ತೆಗೆದು ಬೀರುವಿನಲ್ಲಿ ಇಟ್ಟುಬಿಡಿ. ಮುಂದಿನದ್ದೆಲ್ಲ ಇನ್ನೊಂದು ನಕಲಿನ ಮೇಲೆ.

ಹೆಸರು ಬದಲಿಸುವುದು ಅಂದರೆ ಮನೆಯ ಗೇಟಿನ ಬೋರ್ಡು ಬದಲಿಸಿದ ಹಾಗೆ, ಒಳಗಿನ ಸಾಮಾನು ಅಲ್ಲಾಡುವುದಿಲ್ಲ. ಫೋಟೋದ ಗುಣಮಟ್ಟ ಕಡಿಮೆಯಾಗುವುದಿಲ್ಲ. ಮೂರು ಸಾವಿರ ಫೈಲು ಕಣ್ಣು ಮುಚ್ಚಿ ತೆಗೆಯುವುದರೊಳಗೆ ಮುಗಿಯುವುದೂ ಇದೇ ಕಾರಣಕ್ಕೆ. ಅಪಾಯ ಇರುವುದು ಬೇರೆ ಕಡೆ. ಹೆಸರು ಬದಲಿಸುವ ಮೂಲ ಕಮಾಂಡು ಎಂವಿ. ಹೊಸ ಹೆಸರಿನ ಫೈಲು ಅಲ್ಲಿ ಮೊದಲೇ ಇದ್ದರೆ ಸಾಮಾನ್ಯವಾಗಿ ಎಂವಿ ಕೇಳುವುದೂ ಇಲ್ಲ, ಹೇಳುವುದೂ ಇಲ್ಲ, ಅದರ ಮೇಲೆ ಬರೆದುಬಿಡುತ್ತದೆ. ಅಳಿದದ್ದು ಕಸದ ಬುಟ್ಟಿಗೂ ಹೋಗುವುದಿಲ್ಲ. ಹಾಗಾಗಿ ಯಾವಾಗಲೂ -ಎನ್ ಸೇರಿಸಿ. ಆಗ ಇರುವ ಫೈಲನ್ನು ಮುಟ್ಟುವುದಿಲ್ಲ. -ಐ ಹಾಕಿದರೆ ಪ್ರತಿ ಸಲ ಕೇಳುತ್ತದೆ.

ನಿಮಗೆ ಬೇಕಾದದ್ದು ರೀನೇಮ್ ಎಂಬ ಸಲಕರಣೆ. ಇಲ್ಲದಿದ್ದರೆ ಉಬುಂಟುವಿನಲ್ಲಿ ರೀನೇಮ್ ಎಂಬ ಹೆಸರಿನ ಪ್ಯಾಕೇಜನ್ನೇ ಹಾಕಿಕೊಳ್ಳಿ. ಇದರ ಮೂಲ ಬರೆದವರು ಪರ್ಲ್ ಭಾಷೆ ಮಾಡಿದ ಲ್ಯಾರಿ ವಾಲ್. ಒಂದು ವಿಷಯ ಗಮನಿಸಿ: ಫೆಡೋರಾ ಎಂಬ ಇನ್ನೊಂದು ಲಿನಕ್ಸಿನಲ್ಲಿ ಇದೇ ಹೆಸರಿನಲ್ಲಿ ಬೇರೆಯೇ ಪ್ರೋಗ್ರಾಂ ಇದೆ. ಅದರ ನಡೆ ಬೇರೆ. ಇಂಟರ್ನೆಟ್ಟಿನಲ್ಲಿ ಸಿಕ್ಕಿದ ಕಮಾಂಡು ಕೆಲಸ ಮಾಡದಿದ್ದರೆ ಹೆಚ್ಚಾಗಿ ಕಾರಣ ಇದೇ.

ಖಾಲಿ ಜಾಗದ ಬದಲು ಅಡಿಗೆರೆ ಹಾಕಲು ಹೀಗೆ (ಟೈಪ್ ಮಾಡುವಾಗ ಎಲ್ಲ ಇಂಗ್ಲಿಷ್ ಸಣ್ಣ ಅಕ್ಷರ):

ರೀನೇಮ್ -ಎನ್ 'ಎಸ್/ /_/ಜಿ' *

ಎಸ್ ಅಂದರೆ ಹುಡುಕಿ ಬದಲಿಸು. ಮೊದಲ ಎರಡು ಓರೆಗೆರೆಗಳ ನಡುವೆ ಹಳೆಯದು, ಆಮೇಲಿನದು ಹೊಸತು. ಕೊನೆಯ ಜಿ ಇದ್ದರೆ ಹೆಸರಿನಲ್ಲಿ ಎಷ್ಟು ಕಡೆ ಸಿಕ್ಕರೂ ಬದಲಾಗುತ್ತದೆ, ಇಲ್ಲದಿದ್ದರೆ ಮೊದಲನೆಯದು ಮಾತ್ರ. ನಕ್ಷತ್ರ ಅಂದರೆ ಈ ಫೋಲ್ಡರಿನ ಎಲ್ಲವೂ. ಎಲ್ಲಕ್ಕಿಂತ ಮುಖ್ಯ ಆ -ಎನ್. ಅದು ಇರುವ ತನಕ ಏನೂ ಬದಲಾಗುವುದಿಲ್ಲ. ಯಾವುದು ಏನಾಗುತ್ತದೆ ಎಂದು ಪಟ್ಟಿ ಮಾತ್ರ ತೋರಿಸುತ್ತದೆ. ಓದಿ, ಸರಿ ಅನಿಸಿದ ಮೇಲೆ -ಎನ್ ತೆಗೆದು ಮತ್ತೆ ಕೊಡಿ.

ಗಮನಿಸಿ, ರೀನೇಮ್‌ನ -ಎನ್ ಬೇರೆ, ಎಂವಿಯ -ಎನ್ ಬೇರೆ. ಎಂವಿಗೆ ಅದು "ಮೇಲೆ ಬರೆಯಬೇಡ", ರೀನೇಮ್‌ಗೆ "ಸುಮ್ನೆ ತೋರಿಸು". ಅಕ್ಷರ ಒಂದೇ ಅಂತ ನಂಬಿ ಎಂವಿಯನ್ನು ಪರೀಕ್ಷೆಗೆ ಓಡಿಸಬೇಡಿ.

ಮಂಜೇಶ್ವರದವ

ರೀನೇಮ್ ಇಲ್ಲದ ಕಂಪ್ಯೂಟರೂ ಇರುತ್ತದೆ. ಟರ್ಮಿನಲ್‌ನಲ್ಲಿ ನಮ್ಮ ಕಮಾಂಡು ಓದಿ ನಡೆಸುವ ಶೆಲ್‌ನ ಹೆಸರು ಬ್ಯಾಷ್. ಅದರ ಫಾರ್ ಲೂಪ್ (ಒಂದೇ ಕೆಲಸವನ್ನು ಪ್ರತಿ ಫೈಲಿಗೂ ಮಾಡಿಸುವುದು) ಕಲಿತರೆ ಎಲ್ಲ ಕಡೆ ನಡೆಯುತ್ತದೆ. ಪ್ರತಿ ಫೈಲನ್ನೂ ಒಂದು ಹೆಸರಿಗೆ ಹಿಡಿದು, ಅದರ ಬಾಲ (ಹೆಸರಿನ ಕೊನೆಯ ಚುಕ್ಕಿಯ ನಂತರದ ಭಾಗ) ಕತ್ತರಿಸಿ, ಹೊಸ ಬಾಲ ಅಂಟಿಸಿ ಎಂವಿಗೆ ಕೊಡುವುದು. ಜೆಪಿಇಜಿ ಅಂತ ಇರುವುದನ್ನೆಲ್ಲ ಜೆಪಿಜಿ ಮಾಡಲು ಇಷ್ಟು ಸಾಕು.

ಮೂರು ಕಡೆ ಜನ ಎಡವುತ್ತಾರೆ. ಒಂದು, ಹೆಸರನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಇಡದೆ ಇರುವುದು. ಆಗ "ವಾರ್ಷಿಕೋತ್ಸವ ಗುಂಪು ಫೋಟೋ" ಎಂಬ ಒಂದು ಫೈಲು ಮೂರು ಫೈಲು ಅಂತ ಶೆಲ್ ತಿಳಿಯುತ್ತದೆ. ಎರಡು, ಎಲ್‌ಎಸ್ (ಫೋಲ್ಡರಿನ ಹೆಸರುಗಳ ಪಟ್ಟಿ ತೋರಿಸುವ ಕಮಾಂಡು) ಕೊಟ್ಟ ಪಟ್ಟಿಯನ್ನು ಲೂಪಿಗೆ ಉಣಿಸುವುದು. ಅದು ಬೇಡ, ನಕ್ಷತ್ರವನ್ನೇ ಬಳಸಿ. ಮೂರು, ಹೆಸರು ಅಡ್ಡಗೆರೆಯಿಂದ ಶುರುವಾದರೆ ಎಂವಿ ಅದನ್ನು ತನ್ನ ಆಯ್ಕೆ ಅಂದುಕೊಳ್ಳುತ್ತದೆ. ಅದಕ್ಕೆ ಎಂವಿ -ಎನ್ ಆದಮೇಲೆ ಎರಡು ಅಡ್ಡಗೆರೆ ಬರೆದು, ಆಮೇಲೆ ಹೆಸರು ಕೊಡಬೇಕು. ಮೊದಲ ಸಲ ಎಂವಿಯ ಎಡಗಡೆ ಎಕೋ ಸೇರಿಸಿ ಓಡಿಸಿ. ಏನು ಮಾಡಲಿದೆ ಅಂತ ಬರೆದು ತೋರಿಸುತ್ತದೆ, ಮಾಡುವುದಿಲ್ಲ.

ಪೆರ್ಲದ ಟೀಚರ್

ಖಾಲಿ ಜಾಗದ ಕೆಲಸ ಆಯಿತು. ಮೊದಲು ಪಟ್ಟಿ ನೋಡಿದೆವು, ಮಕ್ಕಳು ಒಂದೊಂದೇ ಸಾಲು ಜೋರಾಗಿ ಓದಿದರು. ಈಗ ಸ್ಕ್ಯಾನ್1, ಸ್ಕ್ಯಾನ್10ರ ಸಮಸ್ಯೆ. ಕೈಬರಹ ಪತ್ರಿಕೆಯ ಪುಟಗಳು, ಸಾಲು ತಪ್ಪಿದರೆ ಕತೆಯೇ ತಪ್ಪುತ್ತದೆ.

ಕುಂಬಳೆಯಿಂದ

ಕಂಪ್ಯೂಟರು ಹೆಸರನ್ನು ಎಡದಿಂದ ಒಂದೊಂದೇ ಅಕ್ಷರ ಹೋಲಿಸುತ್ತದೆ. 10ರ 1, 2ಕ್ಕಿಂತ ಮೊದಲು. ಪರಿಹಾರ ಎಡಗಡೆ ಸೊನ್ನೆ ತುಂಬಿಸುವುದು: 001, 002, 010. ಸಾವಿರದೊಳಗೆ ಇದ್ದರೆ ಮೂರು ಅಂಕಿ ಸಾಕು.

ರೀನೇಮ್‌ನಲ್ಲಿ ಹೊಸದರ ಜಾಗದಲ್ಲಿ ಒಂದು ಚಿಕ್ಕ ಲೆಕ್ಕ ಬರೆಯಬಹುದು. ಹಳೆಯದರ ಜಾಗದಲ್ಲಿ ಆವರಣದೊಳಗೆ \ಡಿ+ ಬರೆಯಿರಿ, ಅಂದರೆ ಒಂದು ಅಥವಾ ಹೆಚ್ಚು ಅಂಕಿ. ಹೊಸದರ ಜಾಗದಲ್ಲಿ ಎಸ್‌ಪ್ರಿಂಟ್‌ಎಫ್, ಅದರೊಳಗೆ %03ಡಿ (ಮೂರು ಅಂಕಿ ಆಗುವಷ್ಟು ಸೊನ್ನೆ ತುಂಬಿಸು) ಮತ್ತು $1 (ಆವರಣದಲ್ಲಿ ಸಿಕ್ಕ ಸಂಖ್ಯೆ). ಕೊನೆಗೆ ಜಿ ಬದಲು ಇ. ಇ ಅಂದರೆ ಇದನ್ನು ಲೆಕ್ಕ ಮಾಡಿ ಉತ್ತರ ಇಡು ಅಂತ. ಹೆಸರಿನಲ್ಲಿ ಮೊದಲು ಸಿಗುವ ಸಂಖ್ಯೆಗೆ ಮಾತ್ರ ಇದು ತಾಗುತ್ತದೆ. ಹಾಗಾಗಿ ವರ್ಷ ಮೊದಲು ಇದ್ದು ಪುಟ ಆಮೇಲೆ ಇದ್ದರೆ ಹಳೆಯದರ ಜಾಗದಲ್ಲಿ "ಸ್ಕ್ಯಾನ್" ಅನ್ನುವುದನ್ನೂ ಸೇರಿಸಿ ಗುರಿ ಹಿಡಿಯಬೇಕು.

ಇದನ್ನೇ ಬ್ಯಾಷ್ ಲೂಪಿನಲ್ಲಿ ಮಾಡುವವರು 08, 09 ಬಂದಾಗ ಎಚ್ಚರ. ಸೊನ್ನೆಯಿಂದ ಶುರುವಾದ ಸಂಖ್ಯೆಯನ್ನು ಬ್ಯಾಷ್ ಎಂಟರ ಮೂಲದ ಸಂಖ್ಯೆ ಎಂದು ಓದುತ್ತದೆ. ಎಂಟರ ಲೆಕ್ಕದಲ್ಲಿ 8, 9 ಎಂಬ ಅಂಕಿಗಳೇ ಇಲ್ಲ. ದೋಷ ತೋರಿಸುತ್ತದೆ. 07ರ ತನಕ ಸರಿಯಾಗಿ ಹೋಗಿ ಆಮೇಲೆ ಕೆಡುವುದರಿಂದ ಕಾರಣ ಹುಡುಕುವುದು ಕಷ್ಟ. ಸಂಖ್ಯೆಯ ಎಡಗಡೆ 10# ಸೇರಿಸಿ ಲೆಕ್ಕ ಮಾಡಿಸಿದರೆ ಹತ್ತರ ಮೂಲದಲ್ಲೇ ಓದುತ್ತದೆ. ಪರ್ಲ್‌ನ ರೀನೇಮ್‌ನಲ್ಲಿ ಈ ತೊಂದರೆ ಇಲ್ಲ.

ಮುಳ್ಳೇರಿಯದ ಫೋಟೋದವ

ಫೋಟೋಗಳಿಗೆ ಎಕ್ಸಿಫ್‌ಟೂಲ್ ಬಳಸಿ ಟೀಚರೇ. ಫಿಲ್ ಹಾರ್ವೆ ಮಾಡಿದ್ದು, ಮದುವೆ ಫೋಟೋ ತೆಗೆಯುವ ನಮ್ಮಂಥವರಿಗೆ ದಿನಾ ಬೇಕು. ಕ್ಯಾಮೆರಾ ಫೋಟೋದೊಳಗೆ ತೆಗೆದ ದಿನ, ಗಂಟೆ ಬರೆದಿಡುತ್ತದೆ ಅಲ್ವಾ, ಅದನ್ನೇ ಓದಿ ಫೈಲಿನ ಹೆಸರು ಮಾಡುತ್ತದೆ. ಎರಡು ಕ್ಯಾಮೆರಾದ ಫೋಟೋ ಒಟ್ಟು ಹಾಕಿದರೂ ಸಮಯದ ಸಾಲಿನಲ್ಲಿ ಕೂರುತ್ತವೆ. ಒಂದೇ ಸೆಕೆಂಡಿನಲ್ಲಿ ಎರಡು ತೆಗೆದಿದ್ದರೆ ಹೆಸರಿನ ಕೊನೆಗೆ ಸಂಖ್ಯೆ ಸೇರಿಸುವ ವ್ಯವಸ್ಥೆಯೂ ಇದೆ. ಫೈಲ್‌ನೇಮ್ ಎನ್ನುವ ಜಾಗದಲ್ಲಿ ಟೆಸ್ಟ್‌ನೇಮ್ ಎಂದು ಬರೆದರೆ ಬರೇ ತೋರಿಸುತ್ತದೆ.

ಆದರೆ ನಿಮ್ಮ ಸಂಗ್ರಹದಲ್ಲಿ ಎರಡು ಕಡೆ ಇದನ್ನು ನಂಬಬೇಡಿ. ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದಾಗ ಒಳಗಿನ ದಿನಾಂಕ ಅಳಿದುಹೋಗುತ್ತದೆ. ಹೆಸರಿನಲ್ಲಿರುವ ದಿನ ಅದು ಕೈಗೆ ಬಂದ ದಿನ, ತೆಗೆದ ದಿನ ಅಲ್ಲ. ಇನ್ನು ಮೇಲೆ ಕಳಿಸುವವರಿಗೆ "ಡಾಕ್ಯುಮೆಂಟ್ ಆಗಿ ಕಳಿಸಿ" ಎಂದು ಹೇಳಿ. ಎರಡನೆಯದು, ಹಳೇ ಕಪ್ಪುಬಿಳುಪು ಫೋಟೋ ಸ್ಕ್ಯಾನ್ ಮಾಡಿದ್ದರೆ ಒಳಗಿರುವುದು ಸ್ಕ್ಯಾನಿನ ದಿನಾಂಕ. 1970ರ ಫೋಟೋಕ್ಕೆ 2024 ಅಂತ ಹೆಸರು ಬಂದರೆ ಮುಂದೆ ನೋಡುವವರಿಗೆ ದಾರಿ ತಪ್ಪುತ್ತದೆ.

ತಾಳವಾಡಿಯಿಂದ

ನಾವು ಇಲ್ಲಿ ಈರೋಡು ಜಿಲ್ಲೆಯವರು. ನಮ್ಮೂರಲ್ಲೂ ಇಂಥದ್ದೇ ಸಂಗ್ರಹ ಮಾಡಬೇಕು ಅಂತ ಈ ಚರ್ಚೆ ಓದುತ್ತಾ ಇದ್ದೀನಿ. ನಮ್ಮ ಕಂಪ್ಯೂಟರಲ್ಲಿ ವಿಂಡೋಸ್. ಅದರಲ್ಲಿ ಪವರ್‌ಶೆಲ್ ಇದೆ: ಗೆಟ್-ಚೈಲ್ಡ್‌ಐಟಂ ಕೊಟ್ಟ ಪಟ್ಟಿಯನ್ನು ಪೈಪಿನಲ್ಲಿ (ನಡುವೆ ನೇರಗೆರೆ ಹಾಕಿ) ರೀನೇಮ್-ಐಟಂಗೆ ಕಳಿಸಬೇಕು. ಕೊನೆಗೆ -ವಾಟ್‌ಇಫ್ ಸೇರಿಸಿದರೆ ಏನಾಗುತ್ತೆ ಅಂತ ಮಾತ್ರ ತೋರಿಸುತ್ತೆ. ಟೈಪ್ ಮಾಡಲು ಇಷ್ಟ ಇಲ್ಲದವರಿಗೆ ಮೈಕ್ರೋಸಾಫ್ಟಿನದ್ದೇ ಪವರ್‌ಟಾಯ್ಸ್‌ನಲ್ಲಿ ಪವರ್‌ರೀನೇಮ್ ಇದೆ.

ಇನ್ನೊಂದು. ಲಿನಕ್ಸಲ್ಲಿ ಹೆಸರಲ್ಲಿ 10:32 ಅಂತ ಗಂಟೆ ಬರೆಯಬಹುದು. ವಿಂಡೋಸ್ ಅದನ್ನು ಒಪ್ಪಲ್ಲ. ವಿಂಡೋಸಿನ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವೂ ಒಪ್ಪಲ್ಲ. ಕೋಲನ್, ಪ್ರಶ್ನೆ ಚಿಹ್ನೆ, ನಕ್ಷತ್ರ, ಜೋಡಿ ಉದ್ಧರಣ, ನೇರಗೆರೆ ಇವೆಲ್ಲ ಬೇಡ. ನಿಮ್ಮ ಫೈಲುಗಳು ನಾಳೆ ಬೇರೆಯವರ ಕಂಪ್ಯೂಟರಿಗೆ ಹೋಗುತ್ತವೆ ಅಲ್ವಾ?

ಮಂಜೇಶ್ವರದವ

ಅದಕ್ಕೇ ನನ್ನ ಸಲಹೆ: ಎಲ್ಲ ಹೆಸರೂ ಇಂಗ್ಲಿಷ್ ಸಣ್ಣ ಅಕ್ಷರ, ಅಂಕಿ, ಅಡಿಗೆರೆ ಮಾತ್ರ. ಕನ್ನಡದ ಹೆಸರು ಇಟ್ಟರೆ ಎಲ್ಲೋ ಒಂದು ಕಡೆ ಚೌಕ ಚೌಕವಾಗಿ ಕಾಣುತ್ತದೆ. ಸಂಗ್ರಹ ಐವತ್ತು ವರ್ಷ ಬಾಳಬೇಕಾದರೆ ಸರಳವಾಗಿರಲಿ.

ಅಕ್ಕಲಕೋಟೆಯ ಓದುಗ

ನಾನು ಒಪ್ಪೋದಿಲ್ಲರಿ. ನಾವು ಸೊಲ್ಲಾಪುರ ಜಿಲ್ಲೆಯ ಕನ್ನಡ ಶಾಲೆಯಲ್ಲಿ ಓದಿದವರು, ನೀವು ಕಾಸರಗೋಡಿನವರು. ಕನ್ನಡದ ಕೈಬರಹ ಪತ್ರಿಕೆಯನ್ನು ಉಳಿಸಲು ಕೂತು ಅದರ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವುದಾದರೆ ಊರಿನ ಅಜ್ಜಿ ಅದನ್ನು ಹುಡುಕುವುದು ಹೇಗೆ? ಒಬ್ಬರು ಪೆರ್ಲಕ್ಕೆ ಒಂದು ಸ್ಪೆಲ್ಲಿಂಗ್ ಬರೆದರೆ ಇನ್ನೊಬ್ಬರು ಮತ್ತೊಂದು ಬರೆಯುತ್ತಾರೆ. ಕನ್ನಡದಲ್ಲಿ ಪೆರ್ಲ ಒಂದೇ. ಈಗಿನ ಲಿನಕ್ಸ್, ವಿಂಡೋಸ್, ಮ್ಯಾಕ್ ಎಲ್ಲವೂ ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಕೇತ ಕೊಡುವ ಪದ್ಧತಿ) ಹೆಸರನ್ನು ಸರಿಯಾಗಿ ಇಟ್ಟುಕೊಳ್ಳುತ್ತವೆ.

ಆದರೆ ಕನ್ನಡದ ಹೆಸರಿಗೆ ಅದರದೇ ಎಚ್ಚರ ಬೇಕು. ಒಂದೊಂದಾಗಿ ಹೇಳುತ್ತೇನೆ.

ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಹೆಸರು ಕಂಪ್ಯೂಟರಿಗೆ ಬೇರೆ ಆಗಿರಬಹುದು. "ಕೋ" ಅನ್ನುವುದನ್ನು ಕ ಮತ್ತು ಓಕಾರದ ಒಂದೇ ಚಿಹ್ನೆ, ಹೀಗೆ ಎರಡು ಸಂಕೇತಗಳಲ್ಲಿ ಇಡಬಹುದು. ಅದೇ ಓಕಾರವನ್ನು ಮೂರು ತುಂಡು ಮಾಡಿ, ಕ ಸೇರಿ ನಾಲ್ಕು ಸಂಕೇತಗಳಲ್ಲೂ ಇಡಬಹುದು. ಹಳೆಯ ಮ್ಯಾಕ್‌ನ ಫೈಲ್ ವ್ಯವಸ್ಥೆ ಹೀಗೆ ಬಿಡಿಸಿ ಇಡುತ್ತಿತ್ತು. ಅಲ್ಲಿಂದ ಬಂದ ಫೈಲುಗಳಿದ್ದರೆ ಹುಡುಕಿದಾಗ ಸಿಗುವುದಿಲ್ಲ, ರೀನೇಮ್‌ಗೂ ತಾಗುವುದಿಲ್ಲ. ಇದಕ್ಕೆ ಕಾನ್ವ್‌ಎಂವಿ ಎಂಬ ಸಲಕರಣೆ ಇದೆ. --ಎನ್‌ಎಫ್‌ಸಿ ಎಂದು ಕೊಟ್ಟರೆ ಎಲ್ಲವನ್ನೂ ಕೂಡಿಸಿದ ರೂಪಕ್ಕೆ ತರುತ್ತದೆ. ಇದರ ಒಳ್ಳೆಯ ಗುಣ, ನೀವಾಗಿ --ನೋಟೆಸ್ಟ್ ಎಂದು ಹೇಳುವ ತನಕ ಏನನ್ನೂ ಬದಲಿಸುವುದಿಲ್ಲ.

ಇನ್ನು ಕನ್ನಡ ಅಂಕಿ. ೧೨ ಅನ್ನು 12 ಮಾಡಲು, ಅಕ್ಷರಕ್ಕೆ ಅಕ್ಷರ ಬದಲಿಸುವ ಟಿಆರ್ ಕಮಾಂಡು ಬಳಸಬೇಡಿ. ಲಿನಕ್ಸಿನ ಟಿಆರ್ ಬೈಟ್ ಲೆಕ್ಕದಲ್ಲಿ ಕೆಲಸ ಮಾಡುತ್ತದೆ. ನಮ್ಮ ಒಂದೊಂದು ಅಕ್ಷರ ಮೂರು ಬೈಟು. ಹೆಸರು ಚೂರುಚೂರಾಗುತ್ತದೆ. ರೀನೇಮ್‌ನಲ್ಲೂ ಚೌಕ ಆವರಣದೊಳಗೆ ಸೊನ್ನೆಯಿಂದ ಒಂಬತ್ತು ಅಂತ ಕನ್ನಡದಲ್ಲಿ ಬರೆದರೆ ಇದೇ ಗತಿ. ಸುಲಭದ ದಾರಿ: ೧ಕ್ಕೆ 1, ೨ಕ್ಕೆ 2 ಅಂತ ಹತ್ತು ಎಸ್ ತುಂಡುಗಳನ್ನು ಅರ್ಧವಿರಾಮ ಹಾಕಿ ಸಾಲಾಗಿ ಬರೆಯಿರಿ. ಅದು ಸರಿಯಾಗಿ ನಡೆಯುತ್ತದೆ.

ಅದಕ್ಕೂ ಮೊದಲು ಒಂದು ಕೆಲಸ ಇದೆ, ಇದನ್ನು ಮರೆಯಬೇಡಿ. ಹಳೆಯ ಬರಹಗಳಲ್ಲಿ ಅನುಸ್ವಾರದ ಬದಲು ಕನ್ನಡ ಸೊನ್ನೆ ಒತ್ತಿದವರು ಬಹಳ ಜನ. ನೋಡಲು ಎರಡೂ ಒಂದೇ. "ಕು೦ಬಳೆ" ಅಂತ ಸೊನ್ನೆಯಿಂದ ಬರೆದಿದ್ದರೆ ನಿಮ್ಮ ಬದಲಾವಣೆ ಅದನ್ನು "ಕು0ಬಳೆ" ಮಾಡುತ್ತದೆ. ಕನ್ನಡ ಸೊನ್ನೆ ಇರುವ ಹೆಸರುಗಳನ್ನೆಲ್ಲ ಗ್ರೆಪ್ ಎಂಬ ಹುಡುಕುವ ಕಮಾಂಡಿನಿಂದ ಮೊದಲು ಪಟ್ಟಿ ಮಾಡಿ. ಪದದ ನಡುವೆ ಇರುವ ಸೊನ್ನೆಗಳನ್ನು ಅನುಸ್ವಾರ ಮಾಡಿ. ಆಮೇಲೆ ಅಂಕಿಗೆ ಕೈ ಹಾಕಿ.

ಕೊನೆಯದು, ಕಾಣದ ಅಕ್ಷರ. "ಕ್ಲಾಸ್‌ರೂಮ್" ಬರೆಯುವಾಗ ಒತ್ತು ಬರದಿರಲಿ ಅಂತ ನಡುವೆ ಒಂದು ಸೇರದ ಗುರುತು ಹಾಕುತ್ತೇವೆ, ಯೂನಿಕೋಡಿನಲ್ಲಿ 200ಸಿ. ಒಬ್ಬರು ಹಾಕಿರುತ್ತಾರೆ, ಒಬ್ಬರು ಹಾಕಿರುವುದಿಲ್ಲ. ಎಲ್ಲ ಕಡೆ ಅಳಿಸಲು ಹೋಗಬೇಡಿ, ಪದದ ರೂಪ ಕೆಡುತ್ತದೆ. ಹೆಸರಿನ ಕೊನೆಯಲ್ಲಿ, ಖಾಲಿ ಜಾಗದ ಪಕ್ಕದಲ್ಲಿ ಸುಮ್ನೆ ಉಳಿದದ್ದನ್ನು ಮಾತ್ರ ತೆಗೆಯಿರಿ.

ಮಂಜೇಶ್ವರದವ

ಅಜ್ಜಿ ಹುಡುಕುವ ಮಾತು ಸರಿ. ಹಾಗಾದರೆ ವರ್ಷ ಮತ್ತು ಕ್ರಮಸಂಖ್ಯೆ ಮೊದಲು, ಮಾಮೂಲಿ ಅಂಕಿಯಲ್ಲಿ. ಆಮೇಲೆ ಕನ್ನಡದ ವಿವರ. ಎಲ್ಲೋ ಕನ್ನಡ ಕಾಣದೆ ಹೋದರೂ ಸಂಖ್ಯೆಯಿಂದ ಹಿಡಿಯಬಹುದು. ಇದು ನನಗೆ ಒಪ್ಪಿಗೆ.

ಪೆರ್ಲದ ಟೀಚರ್

ಇಬ್ಬರಿಗೂ ಧನ್ಯವಾದ. ಹಾಗೇ ಮಾಡುತ್ತೇವೆ. ಅನುಸ್ವಾರದ ಸೊನ್ನೆ ನಮ್ಮಲ್ಲೂ ತುಂಬ ಸಿಕ್ಕಿತು, "ಗು೦ಪು", "ಅ೦ಗಳ", "ಕಾಸರಗೋಡು ತ೦ಡ". ಹೇಳದಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಈಗ ಉಳಿದದ್ದು ನಿಜವಾಗಿ ಕಷ್ಟದ್ದು. ಐಎಂಜಿ_0045ರಲ್ಲಿ ಯಾರಿದ್ದಾರೆ, ಯಾವ ವರ್ಷ ಅಂತ ಯಾವ ಕಮಾಂಡೂ ಹೇಳುವುದಿಲ್ಲ. ನಿವೃತ್ತ ಮಾಷ್ಟ್ರುಗಳು ನೋಡಿ ಹೇಳುತ್ತಾರೆ. ಅವರು ಹೇಳಿದ್ದನ್ನು ಹೆಸರಿಗೆ ತರುವುದು ಹೇಗೆ? ವರ್ಷ ಗೊತ್ತಿಲ್ಲದಿದ್ದರೆ ಏನು ಬರೆಯುವುದು?

ಕುಂಬಳೆಯಿಂದ

ಇದಕ್ಕೆ ಕೋಷ್ಟಕವೇ ಸರಿ. ಎಲ್‌ಎಸ್ ಕೊಟ್ಟ ಪಟ್ಟಿಯನ್ನು ಒಂದು ಫೈಲಿಗೆ ಹಾಕಿ, ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ತೆರೆಯಿರಿ. ಮೊದಲ ಕಾಲಂ ಹಳೇ ಹೆಸರು, ಅದನ್ನು ಯಾರೂ ಮುಟ್ಟಬಾರದು. ಎರಡನೇ ಕಾಲಂ ಹೊಸ ಹೆಸರು. ಮಾಷ್ಟ್ರು ಹೇಳಿದ ಹಾಗೆ ಮಕ್ಕಳು ತುಂಬಿಸಲಿ. ಮುಗಿದ ಮೇಲೆ ಟ್ಯಾಬ್‌ನಿಂದ ಬೇರ್ಪಟ್ಟ ಪಠ್ಯವಾಗಿ ಉಳಿಸಿ. ವೈಲ್ ರೀಡ್ ಲೂಪ್ ಒಂದೊಂದು ಸಾಲನ್ನೂ ಓದಿ ಹಳೇ ಹೆಸರು, ಹೊಸ ಹೆಸರು ಎರಡನ್ನೂ ಎಂವಿ -ಎನ್‌ಗೆ ಕೊಡುತ್ತದೆ.

ಓಡಿಸುವ ಮೊದಲು ಎರಡನೇ ಕಾಲಂ ಮಾತ್ರ ತೆಗೆದು ಸಾರ್ಟ್‌ಗೆ ಕೊಟ್ಟು, ಅಲ್ಲಿಂದ ಯುನಿಕ್ -ಡಿಗೆ ಕಳಿಸಿ. ಎರಡು ಸಲ ಬಂದ ಹೆಸರುಗಳು ಮಾತ್ರ ಕಾಣುತ್ತವೆ. ಏನೂ ಬರಲಿಲ್ಲ ಅಂದರೆ ಮುಂದುವರಿಯಿರಿ. ರೀನೇಮ್‌ನ -ಎನ್ ಪಟ್ಟಿ ಕೂಡ ಇದನ್ನು ಹೇಳುವುದಿಲ್ಲ. ಎರಡು ಫೈಲು ಒಂದೇ ಹೊಸ ಹೆಸರಿಗೆ ಹೋಗುತ್ತಿದ್ದರೂ ಎರಡು ಸಾಲು ಸುಮ್ನೆ ತೋರಿಸುತ್ತದೆ. ಅದನ್ನು ನೀವೇ ಹುಡುಕಬೇಕು.

ಕೋಷ್ಟಕವನ್ನು ಎಸೆಯಬೇಡಿ, ಸಂಗ್ರಹದ ಜೊತೆಯಲ್ಲೇ ಇಡಿ. ಕಾಲಂ ಅದಲುಬದಲು ಮಾಡಿ ಓಡಿಸಿದರೆ ಎಲ್ಲ ಹಳೇ ಹೆಸರಿಗೆ ಮರಳುತ್ತದೆ. ಫೋಟೋ ಕೊಟ್ಟವರು "ನಾನು ಕಳಿಸಿದ ಆ ಫೈಲು" ಎಂದು ಕೇಳಿದರೆ ಹಳೇ ಹೆಸರಿನಿಂದ ಹುಡುಕಲೂಬಹುದು.

ಸ್ವಲ್ಪವೇ ಫೈಲು ಇದ್ದರೆ ವಿಡಿರ್ ನೋಡಿ. ಮೋರ್‌ಯೂಟಿಲ್ಸ್ ಪ್ಯಾಕೇಜಿನಲ್ಲಿದೆ. ಫೋಲ್ಡರಿನ ಹೆಸರುಗಳನ್ನೆಲ್ಲ ಎಡಿಟರಿನಲ್ಲಿ ತೆರೆಯುತ್ತದೆ, ತಿದ್ದಿ ಉಳಿಸಿದರೆ ಆಯಿತು. ಆದರೆ ಒಂದು ಸಾಲು ಅಳಿಸಿದರೆ ಆ ಫೈಲನ್ನೇ ಅಳಿಸುತ್ತದೆ! ಮಕ್ಕಳ ಕೈಗೆ ಕೊಡುವುದು ಬೇಡ.

ವರ್ಷಕ್ಕೆ: ಗೊತ್ತಿಲ್ಲದ ಅಂಕಿಯ ಜಾಗದಲ್ಲಿ ಇಂಗ್ಲಿಷ್ ಎಕ್ಸ್ ಅಕ್ಷರ ಬರೆಯುವ ಪದ್ಧತಿ ದಿನಾಂಕದ ಅಂತರರಾಷ್ಟ್ರೀಯ ಮಾನದಂಡದ 2019ರ ವಿಸ್ತರಣೆಯಲ್ಲಿದೆ. ಎಂಬತ್ತರ ದಶಕ ಅಂತ ಮಾತ್ರ ಗೊತ್ತಿದ್ದರೆ 198 ಬರೆದು ಎಕ್ಸ್. ಊಹೆಯ ವರ್ಷ ಬರೆಯುವುದಕ್ಕಿಂತ ಇದು ಎಷ್ಟೋ ಪ್ರಾಮಾಣಿಕ.

ಮುಳ್ಳೇರಿಯದ ಫೋಟೋದವ

ನಮ್ಮ ಕಡೆಯ ಹಳೇ ಫೋಟೋಗಳ ಕಾಲ ಹಿಡಿಯಲು ಒಂದು ದಾರಿ ಉಂಟು. ಹಿಂದೆ ಇರುವ ಶಾಲೆಯ ಬೋರ್ಡು, ಮೊಹರು, ಕಪ್ಪುಹಲಗೆ ನೋಡಿ. "ದಕ್ಷಿಣ ಕನ್ನಡ ಜಿಲ್ಲೆ" ಎಂದಿದ್ದರೆ 1956ರ ನವೆಂಬರ್ 1ಕ್ಕಿಂತ ಮೊದಲಿನದ್ದಾಗಿರುವ ಸಾಧ್ಯತೆ ಹೆಚ್ಚು. ಆ ದಿನವೇ ನಾವು ಕೇರಳಕ್ಕೆ ಸೇರಿದ್ದು. "ಕಣ್ಣೂರು ಜಿಲ್ಲೆ" ಎಂದಿದ್ದರೆ 1957ರ ಆಮೇಲಿನದ್ದು. "ಕಾಸರಗೋಡು ಜಿಲ್ಲೆ" ಎಂದಿದ್ದರೆ 1984ರ ಮೇ 24ರ ನಂತರದ್ದು, ನಮ್ಮ ಜಿಲ್ಲೆ ಆದದ್ದು ಆವತ್ತು. ಜಿಲ್ಲೆ ಬದಲಾದ ಮರುದಿನವೇ ಯಾರೂ ಬೋರ್ಡು ಬದಲಿಸಿರಲಿಕ್ಕಿಲ್ಲ. ಆದ್ದರಿಂದ "ಇದಕ್ಕಿಂತ ಮೊದಲಲ್ಲ" ಎನ್ನುವುದು ಗಟ್ಟಿ, "ಇದಕ್ಕಿಂತ ಆಮೇಲಲ್ಲ" ಎನ್ನುವುದು ಗಟ್ಟಿ ಅಲ್ಲ.

ಅಕ್ಕಲಕೋಟೆಯ ಓದುಗ

ಭಾಳ ಛಲೋ ಮಾತು ಹೇಳಿದ್ರಿ. ನಮ್ಮ ಭಾಗದಲ್ಲೂ ಹಳೆಯ ಫೋಟೋದಲ್ಲಿ "ಮುಂಬಯಿ ರಾಜ್ಯ" ಅಂತ ಕಾಣುತ್ತದೆ. ಮಹಾರಾಷ್ಟ್ರ ಆದದ್ದು 1960ರ ಮೇ 1ರಂದು. ಅದೇ ಲೆಕ್ಕ ಇಲ್ಲೂ ನಡೆಯುತ್ತದೆ.

ಪೆರ್ಲದ ಟೀಚರ್

ಕೋಷ್ಟಕ ತುಂಬಿಸುತ್ತಿದ್ದೇವೆ. ಒಂದು ಫೋಟೋದಲ್ಲಿ ಕಣ್ಣೂರು ಜಿಲ್ಲೆಯ ಬೋರ್ಡು ಸ್ಪಷ್ಟವಾಗಿ ಸಿಕ್ಕಿತು. ನಿವೃತ್ತ ಮಾಷ್ಟ್ರೊಬ್ಬರು ಅದರಲ್ಲಿ ಎರಡನೇ ಸಾಲಿನವರೆಲ್ಲರ ಹೆಸರು ಹೇಳಿದರು. ಎಲ್ಲವನ್ನೂ ಫೈಲಿನ ಹೆಸರಿಗೆ ಸೇರಿಸಿದಾಗ ಮಾತ್ರ "ಫೈಲಿನ ಹೆಸರು ತುಂಬ ಉದ್ದ" ಎಂಬ ದೋಷ ಬಂತು. ಎಷ್ಟು ಉದ್ದ ಬರೆಯಬಹುದು? ಇನ್ನೊಂದು, ಇಷ್ಟೆಲ್ಲ ಬದಲಿಸಿದ ಮೇಲೆ ಒಂದು ಫೈಲೂ ಕಳೆದಿಲ್ಲ ಎಂದು ಹೇಗೆ ಖಚಿತ ಮಾಡುವುದು?

ಕುಂಬಳೆಯಿಂದ

ಲಿನಕ್ಸಿನ ಸಾಮಾನ್ಯ ಫೈಲ್ ವ್ಯವಸ್ಥೆಯಲ್ಲಿ ಒಂದು ಹೆಸರಿಗೆ 255 ಬೈಟು. ಇಂಗ್ಲಿಷಿನಲ್ಲಿ 255 ಅಕ್ಷರ, ಕನ್ನಡದಲ್ಲಿ ಒಂದು ಸಂಕೇತಕ್ಕೆ ಮೂರು ಬೈಟು, ಹಾಗಾಗಿ 85 ಸಂಕೇತ. ಅದರಲ್ಲೂ ಒತ್ತು, ಗುಣಿತ ಎಲ್ಲ ಬೇರೆ ಬೇರೆ ಲೆಕ್ಕ. "ಸ್ತ್ರೀ" ನೋಡಲು ಒಂದಕ್ಷರ, ಒಳಗೆ ಆರು ಸಂಕೇತ, 18 ಬೈಟು. ಆದ್ದರಿಂದ ಹೆಸರಿನಲ್ಲಿ ವರ್ಷ, ಸಂಖ್ಯೆ, ಎರಡು ಮೂರು ಪದ ಸಾಕು. ಜನರ ಹೆಸರುಗಳಿಗೆ ಕೋಷ್ಟಕದಲ್ಲಿ ಮೂರನೇ ಕಾಲಂ ಮಾಡಿ, ಅಲ್ಲಿ ಎಷ್ಟು ಬೇಕಾದರೂ ಬರೆಯಬಹುದು. ಲೂಪಿನಲ್ಲಿ ಮೂರನೆಯದನ್ನು ಬೇರೆ ಹೆಸರಿಗೆ ಓದಿಸಿ ಬಿಟ್ಟುಬಿಡಿ, ಇಲ್ಲದಿದ್ದರೆ ಅದು ಹೊಸ ಹೆಸರಿನ ಬಾಲಕ್ಕೆ ಅಂಟಿಕೊಳ್ಳುತ್ತದೆ.

ಖಚಿತ ಮಾಡಲು ಶಾ256ಸಮ್. ಅದು ಫೈಲಿನ ಒಳಗಿನದ್ದನ್ನು ಓದಿ 64 ಅಕ್ಷರದ ಗುರುತು ಕೊಡುತ್ತದೆ, ಹೆಸರು ಲೆಕ್ಕಕ್ಕಿಲ್ಲ. ಬೀರುವಿನಲ್ಲಿ ಇಟ್ಟ ನಕಲಿನ ಮೇಲೆ ಒಮ್ಮೆ, ಹೊಸ ಹೆಸರಿನ ಫೋಲ್ಡರಿನ ಮೇಲೆ ಒಮ್ಮೆ ಓಡಿಸಿ. ಎರಡರಿಂದಲೂ ಮೊದಲ 64 ಅಕ್ಷರ ಮಾತ್ರ ಕತ್ತರಿಸಿ, ಸಾರ್ಟ್ ಮಾಡಿ, ಡಿಫ್‌ನಿಂದ ಹೋಲಿಸಿ. ಡಿಫ್ ಏನೂ ಹೇಳದಿದ್ದರೆ ಎಲ್ಲ ಇದೆ. ಎಕ್ಸಿಫ್‌ಟೂಲ್‌ನಿಂದ ಫೋಟೋದ ಒಳಗಿನ ದಿನಾಂಕ ತಿದ್ದಿದ್ದರೆ ಮಾತ್ರ ಆ ಫೈಲಿನ ಗುರುತು ಬದಲಾಗುತ್ತದೆ. ಹಾಗೆ ತಿದ್ದುವುದಿದ್ದರೆ ಈ ಹೋಲಿಕೆ ಮುಗಿದ ಮೇಲೆ ಮಾಡಿ.